ಕ್ರೆಡಿಟ್ ಕಾರ್ಡಿನ ಅಂಕಗಳೂ ಗೃಹಸ್ಥನ ಲೆಕ್ಕವೂ

ಎರಡು ವರುಷಗಳ ಹಿಂದೆ ಯುಗಾದಿಗೆ ಬಂದಿದ್ದ ನಮ್ಮ ಅಳಿಯಂದಿರು, ಒಬ್ಬಟ್ಟಿನ ಊಟವಾಗಿ ಎಲೆಯಡಿಕೆಗೆ ಕುಳಿತಿದ್ದಾಗ, ತಾವೂ ನಮ್ಮ ಮಗಳೂ ವಿಮಾನದಲ್ಲಿ ಕಾಶಿಗೆ ಹೋಗಿಬಂದ ಸಮಾಚಾರವನ್ನು ಹೇಳುತ್ತ, "ಮಾವನವರೇ, ಟಿಕೆಟಿಗೆ ಹೆಚ್ಚಿನ ಖರ್ಚೇನೂ ಬೀಳಲಿಲ್ಲ, ಬಹುಮಟ್ಟಿಗೆ ಕಾರ್ಡಿನ ಅಂಕಗಳಿಂದಲೇ ನಡೆದುಹೋಯಿತು" ಎಂದರು. ಒಳಗೆ ಪಾತ್ರೆಗಳನ್ನು ಎತ್ತಿಡುತ್ತಿದ್ದ ನನ್ನ ಪತ್ನಿಯು ಕೈಯ ಕೆಲಸವನ್ನು ಬಿಟ್ಟು ನಡುಮನೆಯ ಬಾಗಿಲಿಗೆ ಬಂದು ನಿಂತಳು. ಆಕೆಗೆ ಕಾಶೀಯಾತ್ರೆಯ ಹಂಬಲವು ಮದುವೆಯಾದಂದಿನಿಂದಲೂ ಉಂಟು. ಮೇಷ್ಟರ ಸಂಬಳದಲ್ಲಿ ಅದು ಪ್ರತಿ ವರುಷವೂ ಮುಂದಿನ ವರುಷಕ್ಕೆ ಸರಿಯುತ್ತಿದ್ದಿತು. ಅಂತೂ ಅಳಿಯಂದಿರು ಊರಿಗೆ ಹೊರಡುವುದರೊಳಗಾಗಿ, ನನ್ನ ನಿವೃತ್ತಿಯ ಹಣದಲ್ಲಿ ಒಂದು ಲಕ್ಷ ರೂಪಾಯಿಗಳ ಠೇವಣಿಯನ್ನು ಆಧಾರವಾಗಿಟ್ಟು, ಒಂದು ಕ್ರೆಡಿಟ್ ಕಾರ್ಡಿಗೆ ಅರ್ಜಿಯು ಹೋಗಿದ್ದಿತು.

ಅಂದಿನಿಂದ ಈ ವಿಷಯದಲ್ಲಿ ನಾನು ಕಲಿತುದನ್ನು, ಕೈ ಸುಟ್ಟುಕೊಂಡು ಕಲಿತುದನ್ನೂ ಸೇರಿಸಿ, ವಾಚಕರ ಮುಂದಿಡುತ್ತೇನೆ.

ಮೊದಲು ತಿಳಿಯತಕ್ಕುದು, ಈ ಅಂಕಗಳು ಎಲ್ಲಿಂದ ಹುಟ್ಟುತ್ತವೆಂಬುದು. ಯಾವ ಬ್ಯಾಂಕೂ ನಮ್ಮ ಮೇಲಣ ವಾತ್ಸಲ್ಯದಿಂದ ವಿಮಾನದ ಟಿಕೆಟು ಕೊಡುವುದಿಲ್ಲವಷ್ಟೆ. ನಾವು ಅಂಗಡಿಯಲ್ಲಿ ಕಾರ್ಡಿನಿಂದ ನೂರು ರೂಪಾಯಿ ತೆತ್ತರೆ ಅಂಗಡಿಯವನಿಗೆ ನೂರೂ ಸೇರುವುದಿಲ್ಲ. ಸುಮಾರು ಎರಡು ರೂಪಾಯಿಗಳಷ್ಟು ಶುಲ್ಕವು ಕಳೆದು ಮಿಕ್ಕುದು ಸೇರುತ್ತದೆ. ಆ ಶುಲ್ಕದ ದೊಡ್ಡ ಪಾಲು ಕಾರ್ಡನ್ನು ಕೊಟ್ಟ ಬ್ಯಾಂಕಿನದು. ಅದು ತನ್ನ ಪಾಲಿನಲ್ಲಿ ಒಂದಂಶವನ್ನು ಅಂಕಗಳ ರೂಪದಿಂದ ನಮಗೆ ಹಿಂದಿರುಗಿಸುತ್ತದೆ. ಯು.ಪಿ.ಐ. ಮತ್ತು ರುಪೇ ಡೆಬಿಟ್ ಕಾರ್ಡಿನ ವ್ಯವಹಾರಗಳಲ್ಲಿ ಅಂಗಡಿಯವನಿಂದ ಇಂಥ ಶುಲ್ಕವನ್ನು ತೆಗೆಯಕೂಡದೆಂದು 2020ರ ಜನವರಿಯಿಂದ ಸರಕಾರವು ನಿಯಮ ಮಾಡಿತು. ಆದುದರಿಂದಲೇ ಉಳಿತಾಯದ ಖಾತೆಯಿಂದ ಫೋನಿನ ಮೂಲಕ ತರಕಾರಿಯವಳಿಗೆ ಕೊಟ್ಟ ಹಣಕ್ಕೆ ಅಂಕಗಳು ಬರುವುದು ಅಪರೂಪ: ಬಾವಿಯಲ್ಲಿಲ್ಲದುದು ಕೊಡಕ್ಕೆ ಬರುವುದೆಂತು?

ಬ್ಯಾಂಕಿಗೆ ಇನ್ನೊಂದು ಆದಾಯವುಂಟು, ಅದೇ ಬಡ್ಡಿ. ಬಡ್ಡಿಯೆಂಬುದು ಸಂಸ್ಕೃತದ 'ವೃದ್ಧಿ' ಶಬ್ದದ ತದ್ಭವವೆಂದು ಮೂವತ್ತು ವರುಷ ಹುಡುಗರಿಗೆ ಪಾಠ ಹೇಳಿದವನು ನಾನು. ಯಾರ ವೃದ್ಧಿಯೆಂಬುದನ್ನು ಮಾತ್ರ ಈ ಕಾರ್ಡು ಬಂದ ಮೇಲೆ ತಿಳಿದೆನು. ಗಡುವಿನೊಳಗೆ ಪೂರ್ತಿ ತೀರಿಸಲಾರದವರು ತೆರುವ ಬಡ್ಡಿಯೂ, ತೀರಿಸಬಲ್ಲವರು ಪಡೆಯುವ ಬಹುಮಾನವೂ ಒಂದೇ ಬೊಕ್ಕಸದ ಒಳಹರಿವು, ಹೊರಹರಿವುಗಳು.

ಈ ಪದ್ಧತಿಯ ತವರು ಅಮೆರಿಕ. ಅಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರಲ್ಲಿ ಪ್ರಯಾಣಿಕರು ಹಾರಿದ ಮೈಲಿಗಳನ್ನು ಎಣಿಸಿ ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. 1987ರಲ್ಲಿ ಸಿಟಿಬ್ಯಾಂಕಿನ ಕಾರ್ಡೊಂದು ಅದರೊಡನೆ ಸೇರಿಕೊಂಡು, ನೆಲದ ಮೇಲೆ ಸಾಮಾನು ಕೊಂಡವರಿಗೂ ಮೈಲಿಗಳು ದೊರೆಯುವಂತಾಯಿತು. ನಮ್ಮಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿಯೇ ಕಾರ್ಡನ್ನು ಹೊರತಂದಿದ್ದರೂ ಬಹುಮಾನದ ಈ ಭರಾಟೆಯು ಬಹುಕಾಲದ ತರುವಾಯದ್ದು.

ಅಮೆರಿಕದವರ ಜಾಣತನದ ಕಥೆಗಳು ಹಲವಿವೆ. 1999ರಲ್ಲಿ ಆಹಾರದ ಕಂಪನಿಯೊಂದು, ತನ್ನ ಪದಾರ್ಥಗಳ ಹತ್ತು ಚೀಟಿಗಳನ್ನು ಕಳುಹಿದವರಿಗೆ ಐನೂರು ಮೈಲಿಗಳನ್ನೂ, ಬೇಗನೆ ಕಳುಹಿದವರಿಗೆ ಅದರ ಇಮ್ಮಡಿಯನ್ನೂ ಕೊಡುವೆನೆಂದು ಸಾರಿತು. ಕ್ಯಾಲಿಫೋರ್ನಿಯದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರು ಅಂಗಡಿಗಳನ್ನು ಸುತ್ತಿ, ಆ ಕಂಪನಿಯದೇ ಆದ ಪುಡಿಂಗ್ ಎಂಬ ಸಿಹಿತಿನಿಸು ಬಟ್ಟಲಿಗೆ ಕಾಲು ಡಾಲರಿನಂತೆ ಮಾರುತ್ತಿದ್ದುದನ್ನು ಕಂಡು, ಸುಮಾರು 3,140 ಡಾಲರುಗಳಿಗೆ 12,150 ಬಟ್ಟಲುಗಳನ್ನು ಕೊಂಡನು. ಚೀಟಿಗಳನ್ನು ಬಿಡಿಸಲು ಮನೆಮಂದಿಯ ಕೈ ಸಾಲದೆ ಹೋಗಲು, ಸಾಲ್ವೇಶನ್ ಆರ್ಮಿ ಎಂಬ ಧರ್ಮಸಂಸ್ಥೆಗೆ ಪುಡಿಂಗನ್ನೆಲ್ಲ ದಾನವಿತ್ತು ಅವರಿಂದಲೇ ಬಿಡಿಸಿಕೊಂಡನು. ಅವನಿಗೆ ಹನ್ನೆರಡೂವರೆ ಲಕ್ಷಕ್ಕೆ ಮಿಕ್ಕ ಮೈಲಿಗಳು ದೊರೆತವು. ಇನ್ನು ಕೆಲವರು, ಅಲ್ಲಿನ ಸರಕಾರದ ಟಂಕಸಾಲೆಯು ಒಂದು ಡಾಲರಿನ ನಾಣ್ಯಗಳನ್ನು ಮುಖಬೆಲೆಗೇ ಮಾರಿ ಸಾಗಣೆಯ ಖರ್ಚಿಲ್ಲದೆ ಮನೆಗೆ ಕಳುಹುತ್ತಿದ್ದ ಕಾಲದಲ್ಲಿ, ಕಾರ್ಡಿನಿಂದ ನಾಣ್ಯಗಳನ್ನು ತರಿಸಿ, ಪೆಟ್ಟಿಗೆಯನ್ನು ಹಾಗೆಯೇ ಬ್ಯಾಂಕಿಗೆ ಒಯ್ದು ಕಟ್ಟಿ, ಆ ಹಣದಿಂದಲೇ ಕಾರ್ಡಿನ ಬಾಕಿಯನ್ನು ತೀರಿಸಿ, ಮೈಲಿಗಳನ್ನು ಉಳಿಸಿಕೊಂಡರು. 2011ರ ಜುಲೈಯಲ್ಲಿ ಟಂಕಸಾಲೆಯು ಆ ನಾಣ್ಯಗಳನ್ನು ಕಾರ್ಡಿನಿಂದ ಕೊಳ್ಳುವುದನ್ನು ನಿಲ್ಲಿಸಿತು. ಇವರೆಲ್ಲರೂ ಮೊದಲು ಲೆಕ್ಕ ಮಾಡಿ ಆಮೇಲೆ ಕೊಂಡವರು. ನಾನು ಮೊದಲು ಕೊಂಡೆನು.

ನನಗೆ ಬಂದ ಕಾರ್ಡಿನ ಕರಾರು ಹೀಗಿದ್ದಿತು: ನೂರು ರೂಪಾಯಿಗೆ ನಾಲ್ಕು ಅಂಕ, ಅಂಕವೊಂದಕ್ಕೆ ಇಪ್ಪತ್ತೈದು ಪೈಸೆ; ಎಂದರೆ ನೂರಕ್ಕೆ ಒಂದು ರೂಪಾಯಿ. ಮೊದಲ ತೊಂಬತ್ತು ದಿನಗಳಲ್ಲಿ ಅರುವತ್ತು ಸಾವಿರ ಖರ್ಚು ಮಾಡಿದರೆ ಎಂಟು ಸಾವಿರ ಅಂಕಗಳು, ಅಂದರೆ ಎರಡು ಸಾವಿರ ರೂಪಾಯಿ, ಬಹುಮಾನ. ಗಡುವು ಸಮೀಪಿಸಿದಾಗ ಇನ್ನೂ ಸ್ವಲ್ಪ ಕಡಿಮೆ ಬಿದ್ದುದರಿಂದ, ಮನೆಯಲ್ಲಿ ಒಳ್ಳೆಯ ಮಿಕ್ಸಿಯಿದ್ದರೂ ಮತ್ತೊಂದನ್ನು ತಂದೆನು. ಅದು ಇಂದಿಗೂ ಅಟ್ಟದ ಮೇಲಿದೆ.

ಅದಕ್ಕಿಂತ ದೊಡ್ಡ ಪ್ರಮಾದವು ಮರುತಿಂಗಳಲ್ಲಿ ನಡೆಯಿತು. ಮನೆಗೆ ಬಣ್ಣ ಬಳಿಸಿದ್ದು, ವಿಮೆಯ ಕಂತು, ದಿನಸಿ ಎಲ್ಲವೂ ಸೇರಿ ಪಟ್ಟಿಯಲ್ಲಿ 42,000 ರೂಪಾಯಿ ಬಾಕಿ ಬಂದಿದ್ದಿತು. ಅದರ ಪಕ್ಕದಲ್ಲಿಯೇ 'ಕನಿಷ್ಠ ಪಾವತಿ 2,100' ಎಂದು ಅಚ್ಚಾಗಿದ್ದಿತು. ಕನಿಷ್ಠವೆಂದರೆ ಸಾಕಾದಷ್ಟು ಎಂದು ಅರ್ಥಮಾಡಿಕೊಂಡು, ಅಷ್ಟನ್ನೇ ಕಟ್ಟಿ, ಉಳಿದುದನ್ನು ಪಿಂಚಣಿ ಬಂದಂತೆ ತೀರಿಸೋಣವೆಂದಿದ್ದೆನು. ಮುಂದಿನ ಪಟ್ಟಿಯಲ್ಲಿ ಬಡ್ಡಿ ಮತ್ತು ಬಡ್ಡಿಯ ಮೇಲಣ ಜಿ.ಎಸ್.ಟಿ. ಸೇರಿ ಎರಡೂವರೆ ಸಾವಿರಕ್ಕೆ ಸಮೀಪವಾಗಿದ್ದಿತು! ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ವರುಷಕ್ಕೆ ನಾಲ್ವತ್ತೆರಡಾಗುವುದೆಂಬುದು ನಾಲ್ಕನೆಯ ತರಗತಿಯ ಲೆಕ್ಕ. ಆದರೆ ಆ ಬಡ್ಡಿಯು ಗಡುವಿನ ದಿನದಿಂದಲ್ಲ, ಸಾಮಾನು ಕೊಂಡ ದಿನದಿಂದಲೇ ಬೀಳುವುದೆಂಬುದೂ, ಬಾಕಿಯುಳಿದಿರುವಷ್ಟು ಕಾಲ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ಅವಧಿಯು ತಪ್ಪಿಹೋಗುವುದೆಂಬುದೂ ನನಗೆ ತಿಳಿದಿರಲಿಲ್ಲ. ಅದೇ 42,000ಕ್ಕೆ ನನಗೆ ದೊರೆತ ಅಂಕಗಳ ಬೆಲೆ 420 ರೂಪಾಯಿ.

ನನ್ನ ಪತ್ನಿಯು ಕನ್ನಡಕ ಹಾಕಿಕೊಂಡು ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, "ಪುಕ್ಕಟೆ ಬರುವುದಕ್ಕೆ ಇಷ್ಟು ದುಡ್ಡು ತೆತ್ತಿರೇನು?" ಎಂದು ಕೇಳಿದಳು. ಅಂದಿನಿಂದ ಕಾರ್ಡಿನ ಲೆಕ್ಕದ ಪುಸ್ತಕವು ಆಕೆಯ ವಶವಾಯಿತು.

ಆಕೆಯು ಮಾಡಿದ ಮೊದಲ ಕೆಲಸ, ಗಡುವಿನ ದಿನ ಪೂರ್ಣ ಬಾಕಿಯು ಖಾತೆಯಿಂದ ತಾನಾಗಿಯೇ ಸಂದಾಯವಾಗುವಂತೆ ಬ್ಯಾಂಕಿಗೆ ಬರೆದುಕೊಡಿಸಿದ್ದು. ಅಲ್ಲಿಯೂ 'ಕನಿಷ್ಠ', 'ಪೂರ್ಣ' ಎಂದು ಎರಡು ಚೌಕಗಳಿರುತ್ತವೆ. ಗುರುತು ಹಾಕುವಾಗ ಎಚ್ಚರವಿರಲಿ. ಎರಡನೆಯದು, ಕಾರ್ಡಿನಿಂದ ಏ.ಟಿ.ಎಮ್ಮಿನಲ್ಲಿ ನಗದು ತೆಗೆಯುವುದನ್ನು ನಿಷೇಧಿಸಿದ್ದು. ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿಯೂ, ಬೇರೆ ಶುಲ್ಕವೂ ಉಂಟು. ಆಮೇಲೆ, ಹೇಗಿದ್ದರೂ ಮಾಡಲೇಬೇಕಾದ ಖರ್ಚುಗಳನ್ನು ಮಾತ್ರ ಕಾರ್ಡಿಗೆ ತಿರುಗಿಸಿದಳು: ದಿನಸಿ, ಔಷಧಿ, ವಿದ್ಯುತ್ತಿನ ಬಿಲ್ಲು. ಕೆಲವು ಬಗೆಯ ಖರ್ಚಿಗೆ, ಮುಖ್ಯವಾಗಿ ಬಾಡಿಗೆ ಮತ್ತು ಪೆಟ್ರೋಲಿಗೆ, ಅನೇಕ ಕಾರ್ಡುಗಳಲ್ಲಿ ಅಂಕವೇ ಇಲ್ಲ. ಕರಾರಿನ ಸಣ್ಣಕ್ಷರಗಳನ್ನು ಓದದೆ ಇದು ತಿಳಿಯುವುದಿಲ್ಲ. ಹೊಸ ಕಾರ್ಡಿನ ಬಹುಮಾನವನ್ನು ಬಯಸುವವರು, ಮಕ್ಕಳ ಶಾಲೆಯ ಶುಲ್ಕವೋ ಮನೆಯ ದುರಸ್ತಿಯೋ ಬರುವ ತಿಂಗಳನ್ನು ನೋಡಿ ಅರ್ಜಿ ಹಾಕಿದರೆ, ಅಟ್ಟದ ಮೇಲೆ ಮಿಕ್ಸಿಯನ್ನಿಡುವ ಪ್ರಮೇಯ ಬಾರದು. ವಾರ್ಷಿಕ ಶುಲ್ಕವಿದ್ದಲ್ಲಿ ಅದನ್ನು ಬಹುಮಾನದಿಂದ ಕಳೆದು ನೋಡಬೇಕು. ನಮ್ಮದಕ್ಕೆ ಐನೂರು, ವರುಷಕ್ಕೆ ಎರಡು ಲಕ್ಷ ಖರ್ಚಾದರೆ ಮಾಫಿ.

ಅಂಕಗಳನ್ನು ವೆಚ್ಚ ಮಾಡುವುದರಲ್ಲಿಯೂ ತಾರತಮ್ಯವುಂಟು. ಅದೇ ಅಂಕಗಳಿಂದ ಗೋಡೆಯ ಗಡಿಯಾರವನ್ನೋ ಪಾತ್ರೆಯನ್ನೋ ತರಿಸಿದರೆ ಒಂದು ಬೆಲೆ, ಬಾಕಿಗೆ ವಜಾ ಮಾಡಿಸಿದರೆ ಒಂದು ಬೆಲೆ, ವಿಮಾನದ ಟಿಕೆಟಿಗೆ ಬಳಸಿದರೆ ಮತ್ತೊಂದು. ಟಿಕೆಟಿನ ಬೆಲೆಯನ್ನು ಬೇಕಾಗುವ ಅಂಕಗಳಿಂದ ಭಾಗಿಸಿದರೆ ಅಂಕದ ನಿಜವಾದ ಬೆಲೆ ಹೊರಬೀಳುತ್ತದೆ. 'ಉಚಿತ' ಟಿಕೆಟಿಗೂ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಹಣವಾಗಿಯೇ ಕೊಡಬೇಕಾಗುವುದು ಸಾಮಾನ್ಯ. ಅದನ್ನು ಬೆಲೆಯಿಂದ ಕಳೆದ ಮೇಲೆಯೇ ಭಾಗಿಸತಕ್ಕುದು.

ಅಂಕಗಳನ್ನು ಬಹುಕಾಲ ಕೂಡಿಡುವುದು ಜಾಣತನವಲ್ಲ. ಅವು ಚಿನ್ನವಲ್ಲ, ಕೊಟ್ಟವನು ಮಾತು ಬದಲಾಯಿಸಿದ ದಿನ ಅವುಗಳ ಬೆಲೆಯೂ ಬದಲಾಗುತ್ತದೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿದಾಗ, ಅದರ ಅಂಕಗಳನ್ನು ಕೂಡಿಟ್ಟವರಿಗೆ ಏರಲು ಅದರ ವಿಮಾನವೇ ಇಲ್ಲವಾಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ಲೀನವಾದಾಗ ಅದರ ಸದಸ್ಯರ ಅಂಕಗಳು ಹೊಸ ಯೋಜನೆಗೆ ವರ್ಗವಾದವು, ಅವರು ಅದೃಷ್ಟವಂತರು.

ಗೃಹಸ್ಥರಿಗೆ ರಕ್ಷಣೆಯೂ ಉಂಟು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ವಿಧಿಗಳ ಮೇರೆಗೆ, ಕೇಳದೆ ಯಾರಿಗೂ ಕಾರ್ಡು ಕಳುಹಕೂಡದು. ಬಾಕಿಯಿಲ್ಲದ ಗಿರಾಕಿಯು ಕಾರ್ಡನ್ನು ಮುಚ್ಚಬೇಕೆಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದಲ್ಲಿ ದಿನಕ್ಕೆ ಐನೂರು ರೂಪಾಯಿಗಳಂತೆ ಅವನಿಗೆ ದಂಡ ತೆರಬೇಕು. ಆದರೆ ಬಡ್ಡಿಯ ದರಕ್ಕೆ ಅಂಥ ಕಟ್ಟಳೆಯನ್ನು ನೆಚ್ಚುವಂತಿಲ್ಲ. ವರುಷಕ್ಕೆ ನೂರಕ್ಕೆ ಮೂವತ್ತನ್ನು ಮೀರಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿತು.

ಈಗ ನಮ್ಮ ಯಾತ್ರೆಯ ಮಾತು. ಎರಡು ವರುಷಗಳಲ್ಲಿ ಕಾರ್ಡಿನಿಂದ ಆದ ಖರ್ಚು ಸುಮಾರು ನಾಲ್ಕು ಲಕ್ಷ ನಾಲ್ವತ್ತು ಸಾವಿರ. ಅದಕ್ಕೆ 17,600 ಅಂಕ, ಮೊದಲಿನ ಬಹುಮಾನ 8,000, ಒಟ್ಟು 25,600. ಬೆಲೆ 6,400 ರೂಪಾಯಿ. ಬೆಂಗಳೂರಿನಿಂದ ಕಾಶಿಗೆ ಇಬ್ಬರು ಹೋಗಿಬರಲು ನಾಲ್ಕು ಟಿಕೆಟುಗಳು ಬೇಕಾಗಿದ್ದುವು. ಅಂಕಗಳಿಂದ ಬಂದುದು ಒಂದು. ಮಿಕ್ಕ ಮೂರಕ್ಕೆ ಪಿಂಚಣಿಯ ಹಣವೇ ಗತಿಯಾಯಿತು. ಆದರೂ ಕಳೆದ ಕಾರ್ತಿಕದಲ್ಲಿ ಹೋಗಿಬಂದೆವು.

ವಿಮಾನವು ಮೇಲೇರಿದ ಮೇಲೆ, ಈ ಎರಡು ಸೀಟುಗಳಲ್ಲಿ ಪುಕ್ಕಟೆಯದು ಯಾವುದೆಂದು ನಾನು ತಮಾಷೆಗೆ ಕೇಳಿದೆನು. ನನ್ನ ಪತ್ನಿಯು ಕಿಟಕಿಯಿಂದ ಮುಖ ತಿರುಗಿಸದೆಯೇ, "ನನ್ನದು. ನೀವು ಬಡ್ಡಿ ಕಟ್ಟಿದವರು" ಎಂದಳು.