ಕೃತಕ ಕಾಲಿನ ಒಳಕವಚ: ತೊಡುವ ಕ್ರಮವರಿತರೆ ನಡಿಗೆ ಹಗುರ

ಮಧುಮೇಹದಿಂದಲೋ ಅಪಘಾತದಿಂದಲೋ ಕಾಲನ್ನು ಕಳೆದುಕೊಂಡವರಿಗೆ ಕೃತಕ ಕಾಲು ಮತ್ತೆ ನಡೆದಾಡುವ ಧೈರ್ಯವನ್ನು ನೀಡುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಅದು ಕೆಲವೇ ತಿಂಗಳಲ್ಲಿ ಮೂಲೆ ಸೇರುವುದುಂಟು. ‘ನೋಯುತ್ತದೆ, ಹಾಕಲಾರೆ’ ಎಂಬುದು ಹಿರಿಯರ ಅಳಲು. ಈ ನೋವಿಗೆ ಕಾಲಿನ ಅಳತೆಯೊಂದೇ ಕಾರಣವಲ್ಲ; ಒಳಕವಚವನ್ನು ತೊಡುವ ರೀತಿಯೂ ಕಾರಣವಾಗಿರಬಹುದು.

ಲೈನರ್ ಎಂದು ಕರೆಯಲಾಗುವ ಈ ಕವಚವು ಚರ್ಮಕ್ಕೂ ಗಟ್ಟಿಯಾದ ಸಾಕೆಟ್ಟಿಗೂ ನಡುವಿನ ಮೆತ್ತನೆಯ ಪದರ. ಸ್ವತಃ ಕೃತಕ ಕಾಲು ಧರಿಸುತ್ತಿದ್ದ ಐಸ್‌ಲ್ಯಾಂಡಿನ ಓಸುರ್ ಕ್ರಿಸ್ಟಿನ್‌ಸನ್ ಅವರು 1980ರ ದಶಕದಲ್ಲಿ ಸಿಲಿಕೋನ್ ಲೈನರನ್ನು ರೂಪಿಸಿ ಬಳಕೆಗೆ ತಂದರು.

ಇದನ್ನು ಕಾಲುಚೀಲದಂತೆ ಎಳೆದು ಹಾಕಬಾರದು. ಎಳೆದರೆ ಚರ್ಮವೂ ಜೊತೆಯಲ್ಲಿ ಎಳೆಯಲ್ಪಟ್ಟು ಉಜ್ಜುತ್ತದೆ. ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಬೊಬ್ಬೆ ಏಳುತ್ತದೆ. ಮೊದಲು ಲೈನರನ್ನು ಪೂರ್ತಿಯಾಗಿ ಒಳಹೊರಗು ಮಾಡಿ, ಅದರ ತಳವನ್ನು ಉಳಿದ ಕಾಲಿನ ತುದಿಗೆ ಎಡೆಯಿಲ್ಲದಂತೆ ಒತ್ತಿ ಹಿಡಿಯಬೇಕು. ತಳದಲ್ಲಿ ಲೋಹದ ಪಿನ್ ಇದ್ದರೆ ಅದು ಕಾಲಿನ ನೇರಕ್ಕೆ ಇರಬೇಕು. ಅನಂತರ ಅಂಗೈಗಳಿಂದ ನಿಧಾನವಾಗಿ, ಸುಕ್ಕು ಬೀಳದಂತೆ ಮೇಲಕ್ಕೆ ಸುತ್ತಿಕೊಂಡು ಹೋಗಬೇಕು. ಉಗುರು, ಉಂಗುರಗಳು ತಾಗಿದರೆ ಕವಚ ಹರಿದೀತು.

ಚರ್ಮವು ಶುಚಿಯಾಗಿಯೂ ಒಣಗಿಯೂ ಇರಬೇಕು. ತೊಡುವ ಮುನ್ನ ಎಣ್ಣೆ, ಮುಲಾಮು ಹಚ್ಚುವುದು ಬೇಡ. ಬೇಕೆನಿಸಿದರೆ ರಾತ್ರಿ ಹಚ್ಚಬಹುದು. ಬೆಳಗಿನ ಬಿಸಿನೀರಿನ ಸ್ನಾನದಿಂದ ಕಾಲು ಕೊಂಚ ಊದಿ ಸಾಕೆಟ್ ಬಿಗಿಯಾಗುವುದುಂಟು. ಆದ್ದರಿಂದ ರಾತ್ರಿ ಸ್ನಾನ ಲೇಸು. ಸೆಖೆಗೆ ಬೆವರಿದಾಗ ಕವಚವನ್ನು ತೆಗೆದು, ಒರೆಸಿ, ಮತ್ತೆ ತೊಡುವುದು ಒಳ್ಳೆಯದು. ಪ್ರತಿ ರಾತ್ರಿ ಅದನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ಸಾಬೂನಿನ ಅಂಶ ಉಳಿಯದಂತೆ ಜಾಲಿಸಿ, ನೆರಳಿನಲ್ಲಿ ಒಣಗಿಸಬೇಕು.

ಮಧುಮೇಹಿಗಳ ವಿಷಯದಲ್ಲಿ ಮನೆಯವರ ಹೊಣೆ ಹೆಚ್ಚಿನದು. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಗಾಯದ ಅರಿವೇ ಆಗದಿರಬಹುದು. ಆದುದರಿಂದ ಮಗನೋ ಸೊಸೆಯೋ ಪ್ರತಿ ಸಂಜೆ ಕಾಲಿನ ತುದಿಯನ್ನೂ ಹಿಂಬದಿಯನ್ನೂ ಬೆಳಕಿನಲ್ಲಿ ಪರೀಕ್ಷಿಸಲಿ. ಕವಚ ತೆಗೆದು 20 ನಿಮಿಷ ಕಳೆದರೂ ಮಾಸದ ಕೆಂಪು, ಬೊಬ್ಬೆ ಅಥವಾ ಗಾಯ ಕಂಡುಬಂದರೆ ಕಾಲು ಧರಿಸುವುದನ್ನು ನಿಲ್ಲಿಸಿ, ವೈದ್ಯರಿಗೂ ಕಾಲನ್ನು ತಯಾರಿಸಿಕೊಟ್ಟ ತಜ್ಞರಿಗೂ ತೋರಿಸಬೇಕು. ಅಲಕ್ಷಿಸಿದ ಸಣ್ಣ ಗಾಯವು ಇನ್ನೊಂದು ಶಸ್ತ್ರಚಿಕಿತ್ಸೆಗೆ ದಾರಿಯಾದೀತು.

ಬೆಳಗಿನ ಕೆಲವು ನಿಮಿಷಗಳ ತಾಳ್ಮೆ, ಸಂಜೆಯ ಒಂದು ನೋಟ: ಇಷ್ಟಾದರೆ ನಮ್ಮ ಹಿರಿಯರು ದಿನವಿಡೀ ಸ್ವಂತ ಬಲದ ಮೇಲೆ ಓಡಾಡಿಕೊಂಡಿರಬಲ್ಲರು.