ಜೂಜುಕೇಂದ್ರವೂ ನೆರೆಯೂರಿನ ಒಪ್ಪಿಗೆಯೂ: ಕನೆಟಿಕಟ್‌ನ ಎರಡು ಮೂಲನಿವಾಸಿ ಸಮುದಾಯಗಳು

ಅಮೆರಿಕದ ಸಣ್ಣ ಊರೊಂದರ ಮಗ್ಗುಲಲ್ಲಿ ಮೂಲನಿವಾಸಿ ಬುಡಕಟ್ಟೊಂದು ಕ್ಯಾಸಿನೊ ತೆರೆಯಲು ಮುಂದಾದಾಗ ಆ ಊರಿನವರು ಅದನ್ನು ಬೆಂಬಲಿಸುವರೆ, ವಿರೋಧಿಸುವರೆ ಎಂಬ ಚರ್ಚೆ ಅಲ್ಲಿ ದಶಕಗಳಿಂದ ನಡೆಯುತ್ತಲೇ ಇದೆ. ಮೇಲ್ನೋಟಕ್ಕೆ ಇದು ಜೂಜಿನ ಒಳಿತು ಕೆಡುಕುಗಳ ಪ್ರಶ್ನೆ. ಇಲ್ಲವೆ ತೆರಿಗೆ, ಉದ್ಯೋಗ, ವಾಹನಸಂದಣಿಗಳ ಲೆಕ್ಕಾಚಾರ. ಕನೆಟಿಕಟ್ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ಕೆಲವು ಊರುಗಳ ಅನುಭವವನ್ನು ಪರಿಶೀಲಿಸಿದರೆ ಈ ಚರ್ಚೆಯ ಅಡಿಯಲ್ಲಿ ಇನ್ನೂ ಗಹನವಾದ ಪ್ರಶ್ನೆಯೊಂದು ಇರುವುದು ಗೋಚರಿಸುತ್ತದೆ. ಸಂಖ್ಯೆಯಲ್ಲಿ ಕಿರಿದಾದ ಜನಸಮುದಾಯವೊಂದು ತಾನು ಇಂದಿಗೂ ಇದ್ದೇನೆಂದು ಕಾನೂನಿನ ಮುಂದೆ ಸಾಧಿಸಲು ನೆರೆಯ ದೊಡ್ಡ ಸಮುದಾಯದ ಸಮ್ಮತಿ ಬೇಕೆ ಎಂಬುದೇ ಆ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತರ ಬದುಕನ್ನು ಅಭ್ಯಸಿಸುವವರಿಗೆ ಇದು ಅಪರಿಚಿತವಾದುದಲ್ಲ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳನ್ನು ಕಂಡವರು ಅದೇ ಚಿತ್ರವನ್ನು ಇಲ್ಲಿಗೂ ಅನ್ವಯಿಸಬಾರದು. ಅವು ಸರಕಾರದ ಪರವಾನಗಿ ಪಡೆದ ಖಾಸಗಿ ಉದ್ಯಮಗಳು. ಅಮೆರಿಕದಲ್ಲಿ ಕೇಂದ್ರ ಸರಕಾರದ ಮನ್ನಣೆ ಪಡೆದ ಬುಡಕಟ್ಟು ಎಂದರೆ ಒಂದು ಆಡಳಿತ ಘಟಕ. ತನ್ನ ನೆಲದಲ್ಲಿ ಅದಕ್ಕೆ ಸೀಮಿತವಾದರೂ ಸ್ವಂತವಾದ ಸಾರ್ವಭೌಮತ್ವವಿದೆ. ಅದು ನಡೆಸುವ ಕ್ಯಾಸಿನೊ ಆ ಪುಟ್ಟ ಸರಕಾರದ ಬೊಕ್ಕಸ.

ಈ ವ್ಯವಸ್ಥೆಯ ಕಾನೂನಿನ ತಳಹದಿ ಬಹಳ ಹಳೆಯದಲ್ಲ. 1979ರಲ್ಲಿ ಫ್ಲಾರಿಡಾದ ಸೆಮಿನೋಲ್ ಜನರು ದೊಡ್ಡ ಮೊತ್ತದ ಬಿಂಗೊ ಆಟ ಆರಂಭಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯದ ಕಬಜಾನ್ ಸಮುದಾಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಾಜ್ಯವೊಂದು ಜೂಜನ್ನು ಸಂಪೂರ್ಣವಾಗಿ ನಿಷೇಧಿಸದೆ ಕೇವಲ ನಿಯಂತ್ರಿಸುತ್ತಿದ್ದರೆ ಆ ನಿಯಂತ್ರಣವನ್ನು ಬುಡಕಟ್ಟಿನ ನೆಲದ ಮೇಲೆ ಹೇರಲಾಗದು ಎಂದು ತೀರ್ಪಿತ್ತಿತು. ಅದರ ಬೆನ್ನಲ್ಲೇ, 1988ರಲ್ಲಿ, ಸಂಸತ್ತು ಇಂಡಿಯನ್ ಗೇಮಿಂಗ್ ರೆಗ್ಯುಲೇಟರಿ ಆ್ಯಕ್ಟ್ ಎಂಬ ಶಾಸನವನ್ನು ಅಂಗೀಕರಿಸಿತು. ಜೂಜಿನ ನಿವ್ವಳ ಆದಾಯವನ್ನು ಬುಡಕಟ್ಟಿನ ಆಡಳಿತಕ್ಕೆ, ಸದಸ್ಯರ ಕ್ಷೇಮಕ್ಕೆ, ಆರ್ಥಿಕ ಅಭಿವೃದ್ಧಿಗೆ, ದಾನಧರ್ಮಕ್ಕೆ ಹಾಗೂ ಸ್ಥಳೀಯ ಸಂಸ್ಥೆಗಳ ನೆರವಿಗೆ ಮಾತ್ರ ವಿನಿಯೋಗಿಸಬೇಕೆಂದು ಅದು ವಿಧಿಸುತ್ತದೆ. ನೆರೆಯೂರಿನ ಮಾತಿಗೆ ಈ ಶಾಸನದಲ್ಲಿರುವ ಸ್ಥಾನ ವಿಚಿತ್ರವಾದುದು. ಹಿಂದಿನಿಂದ ಬಂದ ಮೀಸಲು ನೆಲದಲ್ಲಿ ಕ್ಯಾಸಿನೊ ಕಟ್ಟುವುದಾದರೆ ಪಕ್ಕದ ಊರಿನ ಅನುಮತಿ ಬೇಕಿಲ್ಲ. 1988ರ ತರುವಾಯ ಹೊರಗೆ ಹೊಸದಾಗಿ ಪಡೆದ ನೆಲವಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಸುತ್ತಲಿನ ಸಮುದಾಯಕ್ಕೆ ಬಾಧಕವಿಲ್ಲವೆಂದು ಕೇಂದ್ರದ ಒಳಾಡಳಿತ ಇಲಾಖೆ ನಿರ್ಣಯಿಸಬೇಕು, ರಾಜ್ಯದ ಗವರ್ನರ್ ಒಪ್ಪಬೇಕು.

ಕನೆಟಿಕಟ್‌ನ ಪೀಕಾಟ್ ಜನರ ಇತಿಹಾಸ ಇದಕ್ಕಿಂತ ಬಹು ಹಿಂದಕ್ಕೆ ಹೋಗುತ್ತದೆ. 1637ರ ಯುದ್ಧದಲ್ಲಿ ಇಂಗ್ಲಿಷ್ ವಲಸಿಗರು ಅವರ ಕೋಟೆಗೆ ಬೆಂಕಿಯಿಟ್ಟು ನೂರಾರು ಜನರನ್ನು ಕೊಂದರು. ಮರುವರ್ಷದ ಹಾರ್ಟ್‌ಫರ್ಡ್ ಒಪ್ಪಂದವು ಬದುಕುಳಿದವರು ಇನ್ನು ಮುಂದೆ ಪೀಕಾಟ್ ಎಂಬ ಹೆಸರಿನಿಂದ ಕರೆಸಿಕೊಳ್ಳಕೂಡದೆಂದು ವಿಧಿಸಿತು. ನೆಲವನ್ನು ಕಸಿಯುವುದು ಚರಿತ್ರೆಯಲ್ಲಿ ಸಾಮಾನ್ಯ. ಹೆಸರನ್ನೇ ನಿಷೇಧಿಸಿದ ಉದಾಹರಣೆಗಳು ವಿರಳ. ಆಮೇಲೆ ದೊರೆತ ಮ್ಯಾಶನ್‌ಟಕೆಟ್ ಮೀಸಲು ನೆಲವೂ ಕರಗುತ್ತ ಬಂದು, 1855ರಲ್ಲಿ ರಾಜ್ಯ ಸರಕಾರವೇ ಅದರ ಬಹುಭಾಗವನ್ನು ಮಾರಿದ ಮೇಲೆ ಇನ್ನೂರು ಎಕರೆಯ ಆಸುಪಾಸಿಗೆ ಇಳಿಯಿತು. 1970ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ್ದವರು ಎಲಿಜಬೆತ್ ಜಾರ್ಜ್ ಎಂಬ ವೃದ್ಧೆ ಮತ್ತು ಬೆರಳೆಣಿಕೆಯ ಬಂಧುಗಳು. 1973ರಲ್ಲಿ ಆಕೆ ತೀರಿಕೊಂಡ ಬಳಿಕ ಮೊಮ್ಮಗ ರಿಚರ್ಡ್ ಹೇವರ್ಡ್ ಚದುರಿದ ಕುಟುಂಬಗಳನ್ನು ಮರಳಿ ಕರೆತರಲು ತೊಡಗಿದರು. 1976ರಲ್ಲಿ ನೆರೆಯ ಜಮೀನುದಾರರ ಮೇಲೆ ದಾವೆ ಹೂಡಲಾಯಿತು. ಇಲ್ಲಿ ನೆರೆಹೊರೆಯ ಬೆಂಬಲದ ಮೊದಲ ಅಧ್ಯಾಯವನ್ನು ಕಾಣುತ್ತೇವೆ. ತಮ್ಮ ಹಕ್ಕುಪತ್ರಗಳ ಮೇಲೆ ಕವಿದ ಸಂದೇಹ ತೊಲಗಬೇಕೆಂದು ಆ ಜಮೀನುದಾರರೂ ರಾಜಿಗೆ ಒಲಿದರು. ಮೊದಲ ಮಸೂದೆಯನ್ನು ಅಧ್ಯಕ್ಷ ರೇಗನ್ ತಿರಸ್ಕರಿಸಿದರು. ಪರಿಷ್ಕೃತ ಮಸೂದೆ 1983ರ ಅಕ್ಟೋಬರಿನಲ್ಲಿ ಕಾನೂನಾಯಿತು. ಬುಡಕಟ್ಟಿಗೆ ಕೇಂದ್ರದ ಮನ್ನಣೆ ದೊರೆಯಿತು, ಭೂಮಿ ಕೊಳ್ಳಲು 9 ಲಕ್ಷ ಡಾಲರ್ ಸಿಕ್ಕಿತು. ಆಗ ಕ್ಯಾಸಿನೊ ಕಲ್ಪನೆಯಲ್ಲೂ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

1986ರಲ್ಲಿ ಮ್ಯಾಶನ್‌ಟಕೆಟ್‌ನಲ್ಲಿ ಬಿಂಗೊ ಸಭಾಂಗಣ ತೆರೆಯಿತು. ಕನೆಟಿಕಟ್ ರಾಜ್ಯವು ಧರ್ಮಾರ್ಥ ಸಂಸ್ಥೆಗಳಿಗೆ ಹಣ ಕೂಡಿಸಲು 'ಲಾಸ್ ವೇಗಸ್ ರಾತ್ರಿ' ಎಂಬ ಜೂಜಿನ ಕೂಟಗಳನ್ನು ಅನುಮತಿಸಿತ್ತು. ದಾನಕ್ಕಾಗಿ ಆಡುವ ಜೂಜಿಗೆ ಅವಕಾಶವಿದ್ದ ಮೇಲೆ ಬುಡಕಟ್ಟಿನೊಡನೆ ರಾಜ್ಯ ಮಾತುಕತೆ ನಡೆಸಲೇಬೇಕೆಂದು 1990ರಲ್ಲಿ ನ್ಯಾಯಾಲಯ ಹೇಳಿತು. ಮಲೇಶಿಯದ ಉದ್ಯಮಿ ಲಿಮ್ ಗೋಹ್ ಟಾಂಗ್ ಅವರ ಬಂಡವಾಳದಿಂದ 1992ರ ಫೆಬ್ರವರಿಯಲ್ಲಿ ಫಾಕ್ಸ್‌ವುಡ್ಸ್ ಕ್ಯಾಸಿನೊ ಆರಂಭವಾಯಿತು. ಹೆಚ್ಚಿನ ಕ್ಯಾಸಿನೊಗಳಿಗೆ ದಾರಿಯಾಗದಿರಲೆಂದು 2003ರಲ್ಲಿ ರಾಜ್ಯವು ಲಾಸ್ ವೇಗಸ್ ರಾತ್ರಿಗಳನ್ನೇ ರದ್ದುಪಡಿಸಿದ್ದು ಈ ಕಥೆಯ ಒಂದು ವಿನೋದ.

ಆ ದಿನಗಳಲ್ಲಿ ಬೆಂಬಲಕ್ಕೆ ಕಾರಣವೂ ಇತ್ತು. ಹತ್ತಿರದ ಗ್ರಾಟನ್‌ನಲ್ಲಿ ಅಣುಶಕ್ತಿಯ ಜಲಾಂತರ್ಗಾಮಿಗಳನ್ನು ಕಟ್ಟುವ ಎಲೆಕ್ಟ್ರಿಕ್ ಬೋಟ್ ಕಾರ್ಖಾನೆಯು ಶೀತಲ ಸಮರ ಮುಗಿದೊಡನೆ ಸಹಸ್ರಾರು ಕೆಲಸಗಾರರನ್ನು ಕೈಬಿಟ್ಟಿತ್ತು. ಬೆಸುಗೆಗಾರರೂ ಗುಮಾಸ್ತರೂ ಇಸ್ಪೀಟು ಹಂಚುವ ತರಬೇತಿ ಪಡೆದರು. ಸ್ಲಾಟ್ ಯಂತ್ರಗಳ ಏಕಸ್ವಾಮ್ಯಕ್ಕೆ ಪ್ರತಿಯಾಗಿ ಅವುಗಳ ಆದಾಯದಲ್ಲಿ ಶೇಕಡ 25ನ್ನು ರಾಜ್ಯಕ್ಕೆ ಕೊಡುವ ಒಪ್ಪಂದ 1993ರಲ್ಲಿ ಆಯಿತು.

ಲೆಡ್ಯಾರ್ಡ್ ಊರಿನ ಅಸಮಾಧಾನ ಹುಟ್ಟಿದ್ದು ಇಲ್ಲಿಯೇ. ನ್ಯೂ ಇಂಗ್ಲೆಂಡಿನಲ್ಲಿ 'ಟೌನ್' ಎಂದರೆ ನಮ್ಮ ಗ್ರಾಮ ಪಂಚಾಯತಿಯಂತಹ ಆಡಳಿತ ಘಟಕ. ಅದರ ಶಾಲೆ, ರಸ್ತೆ, ಪೊಲೀಸು ಎಲ್ಲವೂ ಬಹುಮಟ್ಟಿಗೆ ಮನೆ ಮತ್ತು ಜಮೀನಿನ ತೆರಿಗೆಯಿಂದ ನಡೆಯಬೇಕು. ಬುಡಕಟ್ಟಿನ ಪರವಾಗಿ ಕೇಂದ್ರವು ನ್ಯಾಸವಾಗಿ ವಹಿಸಿಕೊಂಡ ಭೂಮಿ ಈ ತೆರಿಗೆಯ ಪಟ್ಟಿಯಿಂದ ಹೊರಗೆ ಹೋಗುತ್ತದೆ. ರಾಜ್ಯಕ್ಕೆ ಸಂದ ಪಾಲಿನ ಒಂದು ಭಾಗವನ್ನು ಊರುಗಳಿಗೆ ಹಂಚುವ ನಿಧಿ ಸ್ಥಾಪನೆಯಾಯಿತಾದರೂ ಅದು ರಾಜ್ಯದ 169 ಊರುಗಳಿಗೂ ಹರಿಯಿತು. ಹೀಗೆ ಹಣ ರಾಜಧಾನಿಗೆ ಹೋಗಿ ಎಲ್ಲರಿಗೂ ಹಂಚಿಹೋದರೆ, ವಾಹನಗಳ ಸಾಲು ಮಾತ್ರ ಸುಮಾರು 15,000 ಜನರ ಊರಿನ ಕಿರುರಸ್ತೆಗಳಲ್ಲಿ ನಿಂತಿತು.

ಮುಂದೆ ಬುಡಕಟ್ಟು ಮೀಸಲಿನ ಎಲ್ಲೆಯಾಚೆಯ 165 ಎಕರೆಯನ್ನು ನ್ಯಾಸಕ್ಕೆ ಸೇರಿಸಲು ಕೋರಿದಾಗ ಲೆಡ್ಯಾರ್ಡ್, ನಾರ್ತ್ ಸ್ಟೋನಿಂಗ್ಟನ್, ಪ್ರೆಸ್ಟನ್ ಈ ಮೂರೂ ಊರುಗಳು ನ್ಯಾಯಾಲಯದ ಮೆಟ್ಟಿಲೇರಿದವು. 2000ದಲ್ಲಿ ಮೇಲ್ಮನವಿಯ ನ್ಯಾಯಾಲಯ ಬುಡಕಟ್ಟಿನ ಪರವಾಗಿ ತೀರ್ಪಿತ್ತಿತು. ಆದರೂ 2002ರಲ್ಲಿ ಬುಡಕಟ್ಟು ತಾನಾಗಿಯೇ ಅರ್ಜಿಯನ್ನು ಹಿಂತೆಗೆದುಕೊಂಡಿತು. ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಹೊರಗಿನ ಸಂಸ್ಥೆಗಳಿಂದ ಬಾಡಿಗೆಗೆ ತಂದ ಸ್ಲಾಟ್ ಯಂತ್ರಗಳ ಮೇಲೆ ಲೆಡ್ಯಾರ್ಡ್ ತೆರಿಗೆ ಹಾಕಿತು. 2013ರಲ್ಲಿ ಊರೇ ಗೆದ್ದಿತು. ಎರಡೂ ಕಡೆಯವರು ಹೋರಾಡಿದ್ದು ಮೊತ್ತಕ್ಕಾಗಿ ಅಲ್ಲ, ಅಧಿಕಾರಕ್ಕಾಗಿ ಎಂದೇ ನನ್ನ ಎಣಿಕೆ.

ಥೇಮ್ಸ್ ನದಿಯ ಆಚೆ ದಡದ ಮಾಂಟ್‌ವಿಲ್‌ನಲ್ಲಿ ನಡೆದದ್ದು ಬೇರೆ. ಮೊಹೀಗನ್ ಜನರಿಗೆ 1994ರಲ್ಲಿ ಕೇಂದ್ರದ ಮನ್ನಣೆ ದೊರೆಯಿತು. ನೌಕಾಪಡೆಯ ಅಣುಸ್ಥಾವರಗಳಿಗೆ ಇಂಧನ ತಯಾರಿಸಿ ಮುಚ್ಚಿಹೋಗಿದ್ದ ಯುನೈಟೆಡ್ ನ್ಯೂಕ್ಲಿಯರ್ ಕಾರ್ಖಾನೆಯ ನೆಲವನ್ನು ಅವರು ಕ್ಯಾಸಿನೊಗೆ ಆರಿಸಿಕೊಂಡರು. ಕಟ್ಟಡ ಏಳುವ ಮೊದಲೇ, ಅದೇ ವರ್ಷ, ಊರಿನೊಡನೆ ಒಪ್ಪಂದವಾಯಿತು: ತೆರಿಗೆಯ ನಷ್ಟಕ್ಕೆ ಬದಲಾಗಿ ಬುಡಕಟ್ಟು ವರ್ಷಕ್ಕೆ 5 ಲಕ್ಷ ಡಾಲರ್ ಕೊಡುವುದು, ಊರಿನ ನೀರು ಸರಬರಾಜಿಗಾಗಿ ಒಮ್ಮೆಗೆ 30 ಲಕ್ಷ ಡಾಲರ್ ನೀಡುವುದು. 1996ರ ಅಕ್ಟೋಬರಿನಲ್ಲಿ ಮೊಹೀಗನ್ ಸನ್ ತೆರೆದಾಗ ಊರು ಎದುರಾಳಿಯಾಗಿರಲಿಲ್ಲ. ಮಾಂಟ್‌ವಿಲ್‌ನ ಜನ ಲೆಡ್ಯಾರ್ಡಿನವರಿಗಿಂತ ಉದಾರಿಗಳೆಂದು ಇದರಿಂದ ತೀರ್ಮಾನಿಸಲಾಗದು. ಪಾಳುಬಿದ್ದ ಕಾರ್ಖಾನೆಯ ಜಾಗ ಒಂದು ಕಡೆ, ಹೊಲಕಾಡುಗಳ ಮಧ್ಯದ ಜಾಗ ಇನ್ನೊಂದು ಕಡೆ. ನೇರವಾಗಿ ಕೈಸೇರುವ ಹಣ ಒಂದು ಕಡೆ, ರಾಜಧಾನಿಯ ಮೂಲಕ ತೊಟ್ಟಿಕ್ಕುವ ಹಣ ಇನ್ನೊಂದು ಕಡೆ.

ಈ ಕ್ಯಾಸಿನೊಗಳು ಊರುಗಳ ಮಾತನ್ನೂ ಬದಲಿಸಿದವು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ನ್ಯೂಯಾರ್ಕಿನ ಚೈನಾಟೌನಿನಲ್ಲಿ ಸಿದ್ಧ ಉಡುಪಿನ ಕೆಲಸ ಕುಸಿದಾಗ ಅನೇಕ ಚೀನೀ ಕುಟುಂಬಗಳು ಮೊಹೀಗನ್ ಸನ್‌ನ ಕೆಲಸಕ್ಕೆಂದು ಬಂದು ಮಾಂಟ್‌ವಿಲ್, ನಾರಿಚ್‌ಗಳಲ್ಲಿ ನೆಲೆಸಿದವು. ಹುಲ್ಲುಹಾಸಿನ ಜಾಗದಲ್ಲಿ ತರಕಾರಿ ಮಡಿಗಳು ಎದ್ದವು. ಶಾಲೆಗಳು ಹೊಸ ತಾಯ್ನುಡಿಗಳ ಮಕ್ಕಳನ್ನು ಸೇರಿಸಿಕೊಳ್ಳಬೇಕಾಯಿತು.

ಮೊಹೀಗನರ ಸ್ವಂತ ನುಡಿ ಅಷ್ಟರಲ್ಲಿ ಮೌನವಾಗಿ ಬಹುಕಾಲವಾಗಿತ್ತು. ಅದನ್ನು ತಾಯ್ನುಡಿಯಾಗಿ ಬಲ್ಲ ಕೊನೆಯವರಾದ ಫಿಡೀಲಿಯಾ ಫೀಲ್ಡಿಂಗ್ 1908ರಲ್ಲಿ ನಿಧನರಾದರು. ಆಕೆ ಮೊಹೀಗನ್ ಭಾಷೆಯಲ್ಲೇ ದಿನಚರಿ ಬರೆದಿಟ್ಟಿದ್ದರು. ಆಕೆಯಿಂದ ಪರಂಪರೆಯನ್ನು ಕಲಿತವರಲ್ಲಿ ಬಾಲಕಿ ಗ್ಲಾಡಿಸ್ ಟ್ಯಾಂಟಕ್ವಿಜನ್ ಒಬ್ಬರು. ಗ್ಲಾಡಿಸ್, ಅವರ ತಂದೆ ಮತ್ತು ಸೋದರ 1931ರಲ್ಲಿ ಚಿಕ್ಕ ಕಲ್ಲಿನ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಿದರು. ಸಮುದಾಯದ ಜನನ, ವಿವಾಹ, ಮರಣಗಳ ದಾಖಲೆಗಳನ್ನೂ ಪತ್ರಗಳನ್ನೂ ಗ್ಲಾಡಿಸ್ ಪೆಟ್ಟಿಗೆಗಳಲ್ಲಿ ತುಂಬಿ ತಮ್ಮ ಮಂಚದ ಕೆಳಗೆ ಕಾಪಾಡಿದ್ದರು. ಸಮುದಾಯವು ಅವಿಚ್ಛಿನ್ನವಾಗಿ ಬಾಳಿಬಂದಿದೆಯೆಂದು ಕೇಂದ್ರದ ಅಧಿಕಾರಿಗಳಿಗೆ ತೋರಿಸಿಕೊಡುವಲ್ಲಿ ಈ ಪೆಟ್ಟಿಗೆಗಳು ನೆರವಾದವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಫೀಲ್ಡಿಂಗ್ ಅವರ ದಿನಚರಿಗಳು 2020ರಲ್ಲಿ ಮೊಹೀಗನರಿಗೆ ಮರಳಿದವು. ಭಾಷೆಯ ಪುನರುಜ್ಜೀವನದ ಕೆಲಸಕ್ಕೆ ಅವೇ ಆಧಾರ. ಪೀಕಾಟರು 1998ರಲ್ಲಿ ತೆರೆದ ಬೃಹತ್ ವಸ್ತುಸಂಗ್ರಹಾಲಯವೂ ಜೂಜಿನ ಆದಾಯದ ಫಲ. ಆ ಆದಾಯವೇನೂ ಶಾಶ್ವತವಲ್ಲ. 2008ರ ಆರ್ಥಿಕ ಕುಸಿತದ ತರುವಾಯ ಫಾಕ್ಸ್‌ವುಡ್ಸ್ ಸಾಲ ತೀರಿಸಲಾಗದೆ ತೊಳಲಿತು.

ನೆರೆಯವರ ವಿರೋಧದ ಅತಿ ಕಠಿಣ ಪರಿಣಾಮವನ್ನು ಅನುಭವಿಸಿದ್ದು ಕ್ಯಾಸಿನೊ ಕಟ್ಟದೇ ಇದ್ದವರು. ನಾರ್ತ್ ಸ್ಟೋನಿಂಗ್ಟನ್‌ನಲ್ಲಿ 1683ರಿಂದ ಮೀಸಲು ನೆಲ ಹೊಂದಿರುವ ಪೂರ್ವ ಪೀಕಾಟರಿಗೆ 2002ರಲ್ಲಿ ಕೇಂದ್ರವು ಮನ್ನಣೆ ನೀಡಿತು. ಮೂರನೆಯ ಕ್ಯಾಸಿನೊ ಬರುವುದೆಂಬ ಭೀತಿ ಆಗ ದಟ್ಟವಾಗಿತ್ತು. ರಾಜ್ಯ ಸರಕಾರವೂ ಅದೇ ಮೂರು ಊರುಗಳೂ ಮೇಲ್ಮನವಿ ಸಲ್ಲಿಸಿದವು. 2005ರಲ್ಲಿ ಮನ್ನಣೆ ರದ್ದಾಯಿತು. ಜೂಜನ್ನು ಬೇಡವೆನ್ನುವ ಹಕ್ಕು ಊರಿನವರಿಗೆ ಇದೆ. ವಾಹನಸಂದಣಿಯ ದೂರೂ ನ್ಯಾಯವಾದುದೇ. ಆದರೆ ಕ್ಯಾಸಿನೊದ ಮೇಲಿನ ಆಕ್ಷೇಪವು ಇಲ್ಲಿ ಒಂದು ಜನಸಮುದಾಯದ ಅಸ್ತಿತ್ವದ ಮೇಲಿನ ಆಕ್ಷೇಪವಾಗಿ ಮಾರ್ಪಟ್ಟಿತು.

2014ರಲ್ಲಿ ಕೇಂದ್ರವು ಮನ್ನಣೆಯ ನಿಯಮಗಳ ಹೊಸ ಕರಡನ್ನು ಪ್ರಕಟಿಸಿತು. ಹಿಂದೆ ತಿರಸ್ಕೃತರಾದವರು ಪುನಃ ಅರ್ಜಿ ಹಾಕಬಹುದು, ಆದರೆ ಹಿಂದಿನ ಮೇಲ್ಮನವಿಯಲ್ಲಿ ಎದುರು ಪಕ್ಷವಾಗಿ ಗೆದ್ದವರ ಸಮ್ಮತಿ ಬೇಕು ಎಂಬ ಷರತ್ತು ಅದರಲ್ಲಿತ್ತು. ಅಂದರೆ ನಿರಾಕರಿಸಿದ ನೆರೆಯವರ ಕೈಗೇ ಬೀಗದ ಕೈಯನ್ನು ಕೊಟ್ಟಂತೆ. 2015ರ ಅಂತಿಮ ನಿಯಮದಲ್ಲಿ ಆ ಷರತ್ತೂ ಉಳಿಯಲಿಲ್ಲ, ಮರು ಅರ್ಜಿಯ ಅವಕಾಶವೂ ಉಳಿಯಲಿಲ್ಲ. ನ್ಯಾಯಾಲಯಗಳ ಆಕ್ಷೇಪದ ತರುವಾಯ 2025ರ ಜನವರಿಯಲ್ಲಿ ಸೀಮಿತವಾದ ಮರು ಅರ್ಜಿಗೆ ಎಡೆಗೊಡುವ ತಿದ್ದುಪಡಿ ಹೊರಬಂದಿತು. ಈ ನಡುವೆ, 2003ರಿಂದ, ಪೂರ್ವ ಪೀಕಾಟರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬಾಸ್ಟನ್ ವಿಭಾಗದ ಪುರಾತತ್ತ್ವಜ್ಞರೊಡನೆ ಸೇರಿ ತಮ್ಮದೇ ಮೀಸಲು ನೆಲದಲ್ಲಿ ಉತ್ಖನನ ಕೈಗೊಂಡು, ಪೂರ್ವಿಕರ ಮನೆಗಳ ತಳಪಾಯಗಳನ್ನೂ ಒಡೆದ ಪಾತ್ರೆಗಳ ಚೂರುಗಳನ್ನೂ ಒಂದೊಂದಾಗಿ ಗುರುತಿಸಿ ದಾಖಲಿಸತೊಡಗಿದರು.