ಮನೆಯ ಸಂಗ್ರಹ ಡಿಸ್ಕಿಗೆ ಯಾವ ಫೈಲ್ ಸಿಸ್ಟಂ?

ಗ್ರಂಥಭಂಡಾರದಲ್ಲಿ ಸಾವಿರಾರು ಪುಸ್ತಕಗಳಿದ್ದರೂ, ಬೇಕಾದುದು ಬೇಕಾದಾಗ ಕೈಗೆ ಸಿಗಬೇಕಾದರೆ ಕ್ರಮವಾದ ಸೂಚಿಯೊಂದು ಇರಬೇಕೆಂಬುದು ನಮಗೆಲ್ಲ ತಿಳಿದ ಸಂಗತಿಯೇ. ಸೂಚಿ ಕೆಟ್ಟರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಈ ಕಾರ್ಯವನ್ನು ನಿರ್ವಹಿಸುವ ಏರ್ಪಾಡಿಗೆ ಫೈಲ್ ಸಿಸ್ಟಂ ಎಂದು ಹೆಸರು. ಮನೆಮಂದಿಯೆಲ್ಲರ ಫೋನು, ಲ್ಯಾಪ್‌ಟಾಪುಗಳು ಮನೆಯ ನೆಟ್‌ವರ್ಕಿನ ಮೂಲಕ ಒಂದೇ ಡಿಸ್ಕನ್ನು ಬಳಸುವುದುಂಟು. ಅಂಥ ಡಿಸ್ಕಿಗೆ ಯಾವ ಫೈಲ್ ಸಿಸ್ಟಂ ತಕ್ಕುದೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಒಂದು ನಷ್ಟದಿಂದ. ನಮ್ಮ ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅಣ್ಣ ಧ್ವನಿಮುದ್ರಿಸಿ ಡಿಸ್ಕಿನಲ್ಲಿಟ್ಟಿದ್ದ. ಎಲ್ಲ ಯಂತ್ರಗಳಿಗೂ ಹೊಂದುವುದೆಂದು ಅದರಲ್ಲಿ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂ ಹಾಕಿದ್ದೆವು. ಒಂದು ಸಂಜೆ ಕಡತಗಳು ನಕಲಾಗುತ್ತಿದ್ದಾಗಲೇ ಕರೆಂಟು ಹೋಯಿತು. ಮರಳಿ ಬಂದಾಗ ಆ ಫೋಲ್ಡರು ಬರಿದಾಗಿತ್ತು. ಎಷ್ಟು ಪ್ರಯತ್ನಿಸಿದರೂ ಅರ್ಧದಷ್ಟು ಪದಗಳು ಮಾತ್ರ ದೊರೆತವು. ಮತ್ತೆ ಹಾಡಿಸೋಣವೆಂದರೆ ಅಜ್ಜಿ ಇಲ್ಲ.

ಹೀಗಾದುದೇಕೆ? ಲೆಕ್ಕ ಬರೆಯುವವರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಖಾತೆಗೆ ಏರಿಸುತ್ತಾರೆ. ನಡುವೆ ಕೆಲಸ ನಿಂತರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು. ಕೆಲವು ಫೈಲ್ ಸಿಸ್ಟಂಗಳಲ್ಲಿ ಇಂಥ ಕಿರ್ದಿಯುಂಟು. ಅದನ್ನು ಜರ್ನಲ್ ಎನ್ನುತ್ತಾರೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಅದಿಲ್ಲ. ಅದಕ್ಕಿಂತ ಹಳೆಯದಾದ ಫ್ಯಾಟ್32ರಲ್ಲಿಯೂ ಇಲ್ಲ. ಸಾಲದುದಕ್ಕೆ ಅದರಲ್ಲಿ 4 ಗಿಗಾಬೈಟ್ ಗಾತ್ರದ ಒಂದು ಕಡತವೂ ಹಿಡಿಯದು. ಇವು ಕೈಯಲ್ಲಿ ಒಯ್ಯುವ ಪೆನ್‌ಡ್ರೈವಿಗೆ ಸರಿ. ಹಗಲಿರುಳು ನಡೆಯುವ ಸಂಗ್ರಹಕ್ಕೆ ಸಲ್ಲವು.

'ಲಿನಕ್ಸ್‌ನ ಫೈಲ್ ಸಿಸ್ಟಂ ಹಾಕಿದರೆ ವಿಂಡೋಸ್ ಓದಲಾರದಲ್ಲ?' ಎಂದು ಯಾರಾದರೂ ಕೇಳಬಹುದು. ನಾವೂ ಹಾಗೆಯೇ ತಪ್ಪಾಗಿ ತಿಳಿದಿದ್ದೆವು. ಗ್ರಂಥಭಂಡಾರದ ಕಟ್ಟೆಯ ಬಳಿ ನಿಂತು ಪುಸ್ತಕ ಕೇಳುವವನಿಗೆ ಒಳಗಿನ ಕಪಾಟುಗಳ ಕ್ರಮ ತಿಳಿದಿರಬೇಕಾಗಿಲ್ಲ. ಅಂತೆಯೇ ಡಿಸ್ಕನ್ನು ಓದುವುದು ಅದಕ್ಕೆ ಜೋಡಿಸಿದ ಪುಟ್ಟ ಗಣಕಯಂತ್ರ. ಇತರ ಯಂತ್ರಗಳಿಗೆ ಅದು ಎಸ್‌ಎಂಬಿ ಎಂಬ ಒಪ್ಪಂದದ ಭಾಷೆಯಲ್ಲಿ ಕಡತಗಳನ್ನು ಒದಗಿಸುತ್ತದೆ. ಡಿಸ್ಕನ್ನು ಕಿತ್ತು ನೇರವಾಗಿ ವಿಂಡೋಸ್ ಯಂತ್ರಕ್ಕೆ ಚುಚ್ಚಿದಾಗ ಮಾತ್ರ ಈ ತೊಡಕು.

ಆದುದರಿಂದ ಆಯ್ಕೆಯನ್ನು ಆ ಪುಟ್ಟ ಯಂತ್ರಕ್ಕೆ ಒಪ್ಪುವಂತೆ ಮಾಡತಕ್ಕದ್ದು. ಅದು ಲಿನಕ್ಸ್ ಯಂತ್ರವಾಗಿದ್ದು ಡಿಸ್ಕು ಒಂದೇ ಆಗಿದ್ದರೆ, 2008ರಿಂದ ಬಳಕೆಯಲ್ಲಿರುವ ಎಕ್ಸ್ಟ್4 ಸಾಕು. ಅದರಲ್ಲಿ ಜರ್ನಲ್ ಇದೆ. ಕರೆಂಟು ಹೋದರೆ ಆಗ ಬರೆಯುತ್ತಿದ್ದ ಕಡತ ಕೆಡಬಹುದು. ಸೂಚಿಯೇ ಹಾಳಾಗುವ ಭಯ ಬಹಳ ಕಡಮೆ.

ಆದರೆ ಡಿಸ್ಕಿನಲ್ಲಿ ಕಾಲಕ್ರಮದಲ್ಲಿ ಸದ್ದಿಲ್ಲದೆ ಅಕ್ಷರಗಳು ಕೆಡುವುದೂ ಉಂಟು. ಕಡತದ ಒಳಗಿನ ಇಂಥ ದೋಷವನ್ನು ಎಕ್ಸ್ಟ್4 ಅರಿಯದು. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಹೊರತಂದ ಜ಼ೆಡ್‌ಎಫ್‌ಎಸ್ ಮತ್ತು 2009ರಲ್ಲಿ ಲಿನಕ್ಸ್‌ಗೆ ಸೇರಿದ ಬಿಟಿಆರ್‌ಎಫ್‌ಎಸ್ ಇವೆರಡೂ, ಪುಟದ ಕೊನೆಯಲ್ಲಿ ಮೊತ್ತ ಹಾಕಿದಂತೆ, ಪ್ರತಿ ತುಣುಕಿಗೂ ಒಂದು ತಾಳೆಯ ಅಂಕೆಯನ್ನಿಟ್ಟು ಓದುವಾಗಲೆಲ್ಲ ಪರೀಕ್ಷಿಸುತ್ತವೆ. ಎರಡು ಡಿಸ್ಕುಗಳಲ್ಲಿ ಪ್ರತಿಬಿಂಬದಂತೆ ಬರೆಸಿದ್ದರೆ ಕೆಟ್ಟುದನ್ನು ಒಳ್ಳೆಯದರಿಂದ ತಿದ್ದುತ್ತವೆ; ಒಂದೇ ಡಿಸ್ಕಾದರೆ ತಪ್ಪನ್ನು ತೋರಿಸಬಲ್ಲವೇ ಹೊರತು ಸಾಮಾನ್ಯವಾಗಿ ತಿದ್ದಲಾರವು. ಜ಼ೆಡ್‌ಎಫ್‌ಎಸ್ ಲಿನಕ್ಸ್‌ನ ಒಡಲಿಗೆ ಸೇರಿಲ್ಲ. ಪ್ರತ್ಯೇಕವಾಗಿ ಅಳವಡಿಸಬೇಕು, ಮೆಮೊರಿಯೂ ಧಾರಾಳವಾಗಿದ್ದರೆ ಲೇಸು. ಬಿಟಿಆರ್‌ಎಫ್‌ಎಸ್‌ನಲ್ಲಿ ಪ್ರತಿಬಿಂಬದ ಕ್ರಮ ನಂಬಲರ್ಹ. ರೇಡ್ 5, ರೇಡ್ 6 ಎಂಬ ಕ್ರಮಗಳಿಂದ ದೂರವಿರುವುದೇ ಕ್ಷೇಮ.

ಕೊನೆಯ ಮಾತೊಂದಿದೆ. ಪ್ರತಿಬಿಂಬವನ್ನು ಬ್ಯಾಕಪ್ ಎಂದು ತಿಳಿಯಬಾರದು. ಅರಿಯದೆ ಅಳಿಸಿದ ಕಡತ ಎರಡು ಡಿಸ್ಕುಗಳಿಂದಲೂ ಅಳಿಯುತ್ತದೆ. ಕಳ್ಳ ಬಂದರೆ ಎರಡನ್ನೂ ಒಯ್ಯುತ್ತಾನೆ. ಎಂತಹ ಫೈಲ್ ಸಿಸ್ಟಮ್ಮೂ ಬೇರೆಡೆ ಇಟ್ಟ ಪ್ರತಿಗೆ ಸಮನಲ್ಲ. ಅಜ್ಜಿಯ ಉಳಿದ ಪದಗಳು ಈಗ ನಮ್ಮ ಮನೆಯ ಎರಡು ಡಿಸ್ಕುಗಳಲ್ಲಿವೆ; ಇನ್ನೊಂದು ಪ್ರತಿ ಸೋದರಮಾವನ ಮನೆಯ ಬೀರುವಿನಲ್ಲಿದೆ. ಈ ಬುದ್ಧಿ ನಮಗೆ ತಡವಾಗಿ ಬಂತು. ಸಹಪಾಠಿಗಳಿಗೆ ಮೊದಲೇ ಬರಲೆಂಬುದೇ ಈ ಬರಹದ ಉದ್ದೇಶ.